ಗನ್ ಬದಲಿಸುವ ಮೊದಲು ಜೋಡಣೆಗಳನ್ನು ನೋಡಿ



ಬಿತ್ತನೆಯ ಹದ ಯಾರಿಗಾಗಿಯೂ ಕಾಯುವುದಿಲ್ಲ. ರೋಹಿಣಿಯೋ ಮೃಗಶಿರವೋ ಒಂದು ಒಳ್ಳೆಯ ಮಳೆ ಕೊಟ್ಟಿತೆಂದರೆ ಎರಡು ಮೂರು ದಿನಗಳೊಳಗೆ ಕೂರಿಗೆ ಹೊಲದಲ್ಲಿರಬೇಕು. ಆದರೆ ಕಲ್ಟಿವೇಟರಿನ ಕಾಲು ಬಿರಿಯುವುದೂ ಕೂರಿಗೆಯ ಚೌಕಟ್ಟು ಬಿಟ್ಟುಕೊಳ್ಳುವುದೂ ಅದೇ ದಿನಗಳಲ್ಲಿ. ಹಿಂದೆ ಇಂಥ ಹೊತ್ತಿನಲ್ಲಿ ಊರ ಕಮ್ಮಾರನ ಕುಲುಮೆಗೆ ಓಡುತ್ತಿದ್ದೆವು. ಆಮೇಲೆ ಹೋಬಳಿಯ ವೆಲ್ಡಿಂಗ್ ಅಂಗಡಿ ಬಂತು. ಈಗ ತಂತಿ ಉಣಿಸುವ ವೆಲ್ಡಿಂಗ್ ಯಂತ್ರಗಳು ಹಳ್ಳಿಯ ವರ್ಕ್‌ಶಾಪುಗಳಿಗೂ, ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೇಂದ್ರಗಳಿಗೂ, ಟ್ರ್ಯಾಕ್ಟರ್ ಇಟ್ಟುಕೊಂಡಿರುವ ಕೆಲವು ರೈತರ ಕೊಟ್ಟಿಗೆಗೂ ಬಂದಿವೆ. ಇವನ್ನು ಜನ ಮಿಗ್ ಎಂದೂ ಸಿಓಟು ಎಂದೂ ಕರೆಯುತ್ತಾರೆ. ಇದು ಸಂತೋಷದ ಸಂಗತಿ.

ಸಂತೋಷವಿಲ್ಲದ ಸಂಗತಿಯೂ ಒಂದಿದೆ. ಈ ಯಂತ್ರ ಕೈಕೊಟ್ಟಾಗ ನಾವು ಮಾಡುವ ಮೊದಲ ಕೆಲಸವೆಂದರೆ ಗನ್ನನ್ನು ಬಿಚ್ಚಿಕೊಂಡು ಪೇಟೆಗೆ ಹೋಗುವುದು. ಅಂಗಡಿಯವರು ಹೊಸ ಗನ್ ಕೊಡುತ್ತಾರೆ, ನಾವು ತರುತ್ತೇವೆ. ಕೆಲವೊಮ್ಮೆ ಯಂತ್ರ ನಡೆಯುತ್ತದೆ, ಕೆಲವೊಮ್ಮೆ ಹೊಸ ಗನ್ ಹಾಕಿದ ಮೇಲೂ ದೋಷ ಇದ್ದಲ್ಲಿಯೇ ಇರುತ್ತದೆ. ಅಷ್ಟರಲ್ಲಿ ಸಾವಿರಾರು ರೂಪಾಯಿ ಹೋಗಿರುತ್ತದೆ, ಹದದ ಒಂದು ದಿನವೂ ಹೋಗಿರುತ್ತದೆ. ಹಣ ಮತ್ತೆ ಬಂದೀತು, ಹದ ಬಾರದು.

ಗನ್ನಿನ ವಿದ್ಯುತ್ ದೋಷವೆಂದು ನಾವು ಹೆಸರಿಡುವ ತೊಂದರೆಗಳಲ್ಲಿ ಹೆಚ್ಚಿನವು ಗನ್ನಿನ ಸಾವಲ್ಲ, ಯಾವುದೋ ಒಂದು ಜೋಡಣೆಯ ಸಡಿಲ ಅಥವಾ ಸವೆತ ಎಂಬುದು ನನ್ನ ಖಚಿತ ಅಭಿಪ್ರಾಯ. ಅದನ್ನು ಹುಡುಕುವ ಕ್ರಮವನ್ನು ಯಂತ್ರದ ಒಡೆಯನೇ ಕಲಿಯಬೇಕು. ಕಲಿಯುವಾಗಲೇ ತಾನು ಎಲ್ಲಿ ಕೈ ನಿಲ್ಲಿಸಬೇಕೆಂಬುದನ್ನೂ ಕಲಿಯಬೇಕು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವುದು ಬೇಡ. ಹಾಗೆಂದು ಕೊಡಲಿಯೇ ಬೇಕಾದಲ್ಲಿ ಉಗುರು ಹಾಕುವುದೂ ಬೇಡ.

ವಿದ್ಯುತ್ತಿನ ಎರಡು ದಾರಿಗಳು

ಈ ವಿಧಾನ ತೀರ ಹೊಸದೇನಲ್ಲ. ತಂತಿಯನ್ನು ಯಂತ್ರವೇ ಉಣಿಸುತ್ತ, ಅನಿಲದ ಮರೆಯಲ್ಲಿ ಬೆಸೆಯುವ ಪದ್ಧತಿಯನ್ನು 1948ರಲ್ಲಿ ಅಮೆರಿಕದ ಬ್ಯಾಟೆಲ್ ಸಂಸ್ಥೆಯಲ್ಲಿ ರೂಪಿಸಲಾಯಿತು. ಆಗ ಬಳಸುತ್ತಿದ್ದ ಅನಿಲಗಳು ದುಬಾರಿ. 1953ರಲ್ಲಿ ಸೋವಿಯತ್ ತಜ್ಞರಾದ ಲ್ಯೂಬಾವ್‌ಸ್ಕಿ ಮತ್ತು ನೊವೊಶಿಲೊವ್ ಇಂಗಾಲದ ಡೈ ಆಕ್ಸೈಡನ್ನೇ ಮರೆಯ ಅನಿಲವಾಗಿ ಬಳಸಬಹುದೆಂದು ತೋರಿಸಿದ ಮೇಲೆ ಕಬ್ಬಿಣದ ಬೆಸುಗೆಗೆ ಇದು ಅಗ್ಗದ ವಿಧಾನವಾಯಿತು. ಸಿಓಟು ಎಂಬ ಹೆಸರು ನಮ್ಮ ಹಳ್ಳಿಯವರೆಗೆ ಬಂದದ್ದು ಆ ಅನಿಲದಿಂದಲೇ.

ಕಡ್ಡಿಯ ವೆಲ್ಡಿಂಗಿನಲ್ಲಿ ಹೋಲ್ಡರಿಗೆ ಒಂದೇ ಕೇಬಲ್ ಹೋಗುತ್ತದೆ. ಗನ್ನಿನ ಕೊಳವೆಯೊಳಗೆ ಹಾಗಲ್ಲ. ಅದರಲ್ಲಿ ತಂತಿ ಸಾಗುವ ಲೈನರ್ ಇದೆ, ಅನಿಲದ ದಾರಿ ಇದೆ, ದಪ್ಪ ತಾಮ್ರದ ಕೇಬಲ್ ಇದೆ, ಜೊತೆಗೆ ಎರಡು ಸಣ್ಣ ವೈರುಗಳೂ ಇವೆ. ಹೀಗಾಗಿ ವಿದ್ಯುತ್ತಿಗೆ ಇಲ್ಲಿ ಎರಡು ದಾರಿಗಳು.

ಒಂದು ಸಣ್ಣ ದಾರಿ. ಬಂದೂಕಿನ ಕುದುರೆಯಂತಿರುವ ಟ್ರಿಗರ್ ಸ್ವಿಚ್ಚಿನಿಂದ ಆ ಎರಡು ಸಣ್ಣ ವೈರುಗಳ ಮೂಲಕ ಯಂತ್ರಕ್ಕೆ ಹೋಗುವ ದಾರಿ ಇದು. ಸ್ವಿಚ್ ಒತ್ತಿದಾಗ ಯಂತ್ರಕ್ಕೆ ‘ನಡೆ’ ಎಂಬ ಅಪ್ಪಣೆ ಸಿಗುತ್ತದೆ. ಆಗ ಅನಿಲದ ವಾಲ್ವ್ ತೆರೆಯುತ್ತದೆ, ತಂತಿಯ ಮೋಟರ್ ತಿರುಗುತ್ತದೆ, ಬೆಸುಗೆಯ ವಿದ್ಯುತ್ ಹರಿಯಲು ಸಿದ್ಧವಾಗುತ್ತದೆ.

ಇನ್ನೊಂದು ದೊಡ್ಡ ದಾರಿ. ಯಂತ್ರದಿಂದ ಹೊರಟ ವಿದ್ಯುತ್ ಗನ್ನಿನ ಕನೆಕ್ಟರ್, ತಾಮ್ರದ ಕೇಬಲ್, ಬಾಗಿದ ಕುತ್ತಿಗೆ, ಅದರ ತುದಿಯ ಡಿಫ್ಯೂಸರ್, ತಾಮ್ರದ ಟಿಪ್ ಇವುಗಳನ್ನು ದಾಟಿ ತಂತಿಗೆ ಬರುತ್ತದೆ. ತಂತಿಯಿಂದ ಬೆಸೆಯುವ ಕಬ್ಬಿಣಕ್ಕೆ ಹಾರಿ, ಅರ್ಥ್ ಕ್ಲಾಂಪ್ ಹಿಡಿದು, ಅರ್ಥ್ ಕೇಬಲಿನ ಮೂಲಕ ಯಂತ್ರಕ್ಕೆ ಮರಳುತ್ತದೆ. ಹೋಗುವ ದಾರಿಯಷ್ಟೇ ಮರಳುವ ದಾರಿಯೂ ಮುಖ್ಯ. ಗನ್ನನ್ನು ದೂರುವವರು ಸಾಮಾನ್ಯವಾಗಿ ಮರಳುವ ದಾರಿಯನ್ನು ಮರೆತಿರುತ್ತಾರೆ.

ಈ ಎರಡು ದಾರಿಗಳನ್ನು ಮನಸ್ಸಿನಲ್ಲಿ ಬೇರೆ ಬೇರೆಯಾಗಿ ಇಟ್ಟುಕೊಂಡರೆ ಹುಡುಕಾಟ ಅರ್ಧ ಮುಗಿದಂತೆ.

ಒಂದು ಸಡಿಲ ಜೋಡಣೆಯ ಲೆಕ್ಕ

ಇಷ್ಟು ಸಣ್ಣ ಸಡಿಲದಿಂದ ಇಷ್ಟು ದೊಡ್ಡ ತೊಂದರೆಯೇ ಎಂದು ಕೇಳುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ನೀವು 150 ಆಂಪಿಯರಿನಲ್ಲಿ ಬೆಸೆಯುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಆರ್ಕಿನ ಒತ್ತಡ 20 ವೋಲ್ಟ್ ಆಸುಪಾಸು. ತುಕ್ಕು ಹಿಡಿದ ಅರ್ಥ್ ಕ್ಲಾಂಪಿನಲ್ಲಿ ಕೇವಲ 0.02 ಓಮ್ ಅಡ್ಡಿ ಇದ್ದರೆ ಅಲ್ಲಿ 3 ವೋಲ್ಟ್ ಕಳೆದುಹೋಗುತ್ತದೆ. ಇಪ್ಪತ್ತರಲ್ಲಿ ಮೂರು ಹೋದರೆ ಆರ್ಕ್ ಸೊರಗುತ್ತದೆ, ತಂತಿ ಕರಗದೆ ಕಬ್ಬಿಣಕ್ಕೆ ಕುಟ್ಟುತ್ತದೆ, ಕಿಡಿ ಚೆಲ್ಲುತ್ತದೆ. ಕಳೆದುಹೋದ ಆ ವಿದ್ಯುತ್ ಎಲ್ಲಿ ಹೋಯಿತು? ಅದೇ ಕ್ಲಾಂಪಿನಲ್ಲಿ 450 ವ್ಯಾಟ್ ಶಾಖವಾಗಿ ಕೂತಿತು. ಒಂದು ಸಣ್ಣ ಇಸ್ತ್ರಿಪೆಟ್ಟಿಗೆಯಷ್ಟು ಶಾಖ! ಶಾಖದಿಂದ ಜೋಡಣೆ ಇನ್ನಷ್ಟು ಕಪ್ಪಾಗುತ್ತದೆ, ಅಡ್ಡಿ ಇನ್ನಷ್ಟು ಹೆಚ್ಚುತ್ತದೆ.

ಪಂಪಿನ ಸ್ಟಾರ್ಟರಿನಲ್ಲಿ ಕಾಂಟ್ಯಾಕ್ಟ್ ಕರಕಲಾದರೆ ಮೋಟರ್ ಗುಂಯ್ ಎಂದು ನಿಲ್ಲುವುದನ್ನು ನೀವೆಲ್ಲ ಕಂಡಿದ್ದೀರಿ. ಆಗ ಯಾರೂ ಮೋಟರನ್ನು ಎಸೆಯುವುದಿಲ್ಲ, ಕಾಂಟ್ಯಾಕ್ಟ್ ಉಜ್ಜುತ್ತಾರೆ ಇಲ್ಲವೆ ಬದಲಿಸುತ್ತಾರೆ. ಅದೇ ವಿವೇಕವನ್ನು ವೆಲ್ಡಿಂಗ್ ಗನ್ನಿಗೂ ತೋರಿಸಿ ಎನ್ನುವುದಷ್ಟೇ ನನ್ನ ಬಿನ್ನಹ.

ಟ್ರಿಗರ್ ಒತ್ತಿದರೆ ಏನೂ ಆಗುವುದಿಲ್ಲ

ಅನಿಲವಿಲ್ಲ, ತಂತಿಯಿಲ್ಲ, ಕಿಡಿಯಿಲ್ಲ. ಇದು ಸಣ್ಣ ದಾರಿಯ ದೋಷ, ಇಲ್ಲವೆ ಯಂತ್ರಕ್ಕೇ ವಿದ್ಯುತ್ ಬಂದಿಲ್ಲ. ಮೊದಲು ಯಂತ್ರದ ಮುಂದಿನ ದೀಪಗಳನ್ನು ನೋಡಿ. ಕಾವೇರಿದ್ದನ್ನು ಸೂಚಿಸುವ ಹಳದಿ ದೀಪ ಹೊತ್ತಿದ್ದರೆ ಯಂತ್ರ ತಾನಾಗಿಯೇ ವಿಶ್ರಾಂತಿ ಪಡೆಯುತ್ತಿದೆ. ಸ್ವಿಚ್ ಆರಿಸದೆ, ಫ್ಯಾನ್ ತಿರುಗಲು ಬಿಟ್ಟು, ಹತ್ತಿಪ್ಪತ್ತು ನಿಮಿಷ ಕಾಯಿರಿ.

ದೀಪ ಸರಿಯಾಗಿದ್ದರೆ ಯಂತ್ರ ಆರಿಸಿ, ಪ್ಲಗ್ ಕಿತ್ತು, ಗನ್ನನ್ನು ಕಳಚಿಕೊಳ್ಳಿ. ಈಗ ಬಳಕೆಯಲ್ಲಿರುವ ಹೆಚ್ಚಿನ ಗನ್ನುಗಳ ಕನೆಕ್ಟರಿನಲ್ಲಿ ನಡುವೆ ಹಿತ್ತಾಳೆಯ ದೊಡ್ಡ ಕೊಳವೆ, ಪಕ್ಕದಲ್ಲಿ ಸ್ಪ್ರಿಂಗ್ ಇರುವ ಎರಡು ಸಣ್ಣ ಪಿನ್ನುಗಳು ಇರುತ್ತವೆ. ಆ ಪಿನ್ನುಗಳೇ ಟ್ರಿಗರಿನ ಎರಡು ತುದಿ. ಒಂದು ಪಿನ್ ಒಳಗೆ ಸಿಕ್ಕಿಕೊಂಡಿದ್ದರೆ ಅದು ಯಂತ್ರವನ್ನು ಮುಟ್ಟುವುದಿಲ್ಲ. ಬೆರಳಿನಿಂದ ಒತ್ತಿ, ಎರಡೂ ಪುಟಿದು ಹೊರಬರುತ್ತವೆಯೇ ನೋಡಿ. ಇಷ್ಟರಿಂದಲೇ ದೋಷ ತೀರುವುದುಂಟು.

ಬಳಿಕ ಮಲ್ಟಿಮೀಟರನ್ನು ಬೀಪ್ ಶಬ್ದದ ಗುರುತಿಗೆ ಇಟ್ಟು, ಎರಡು ಕಡ್ಡಿಗಳನ್ನು ಎರಡು ಪಿನ್ನುಗಳಿಗೆ ಹಿಡಿಯಿರಿ. ಟ್ರಿಗರ್ ಒತ್ತಿದಾಗ ಶಬ್ದ ಬರಬೇಕು, ಬಿಟ್ಟಾಗ ನಿಲ್ಲಬೇಕು. ಬಾರದಿದ್ದರೆ ಹಿಡಿಯ ಸ್ಕ್ರೂ ಬಿಚ್ಚಿ, ಸ್ವಿಚ್ಚಿನ ಎರಡು ಕಾಲುಗಳ ಮೇಲೆಯೇ ಅದೇ ಪರೀಕ್ಷೆ ಮಾಡಿ. ಅಲ್ಲಿಯೂ ಶಬ್ದವಿಲ್ಲದಿದ್ದರೆ ಸ್ವಿಚ್ ಕೆಟ್ಟಿದೆ. ಅದೊಂದನ್ನೇ ಬದಲಿಸಬಹುದು. ಸ್ವಿಚ್ ಸರಿಯಿದ್ದು ಪಿನ್ನಿನಲ್ಲಿ ಶಬ್ದ ಬಾರದಿದ್ದರೆ ನಡುವಿನ ವೈರು ತುಂಡಾಗಿದೆ. ಅದು ತುಂಡಾಗುವುದು ಬಹುತೇಕ ಹಿಡಿಯ ಹಿಂಭಾಗದಲ್ಲಿ ಇಲ್ಲವೆ ಕನೆಕ್ಟರಿನ ಬುಡದಲ್ಲಿ, ಅಂದರೆ ಕೇಬಲ್ ಹೆಚ್ಚು ಬಾಗುವ ಜಾಗಗಳಲ್ಲಿ. ಕೇಬಲನ್ನು ಅಲ್ಲಾಡಿಸುತ್ತ ಕೇಳಿದರೆ ಶಬ್ದ ಬಂದು ಹೋಗುವುದರಿಂದ ತುಂಡಾದ ಜಾಗ ಗೊತ್ತಾಗುತ್ತದೆ.

ಗನ್ನಿನ ಪರೀಕ್ಷೆಯೆಲ್ಲ ಸರಿಯಾಗಿ ಬಂದರೆ ದೋಷ ಯಂತ್ರದ ಪೆಟ್ಟಿಗೆಯೊಳಗಿದೆ. ಹೊಸ ಗನ್ ತಂದರೂ ಅದು ನಡೆಯದು. ಈ ಒಂದು ಮಾತು ತಿಳಿದಿದ್ದರೆ ಪೇಟೆಯ ಒಂದು ವ್ಯರ್ಥ ಪ್ರಯಾಣ ಉಳಿಯುತ್ತದೆ.

ಇದಕ್ಕೆ ವಿರುದ್ಧವಾಗಿ, ಟ್ರಿಗರ್ ಬಿಟ್ಟರೂ ತಂತಿ ಬರುತ್ತಲೇ ಇದ್ದರೆ ಗಾಬರಿಯಾಗಬೇಡಿ. ಯಂತ್ರದ ಮೇಲಿನ 2ಟಿ, 4ಟಿ ಎಂಬ ಗುಂಡಿಯನ್ನು ನೋಡಿ. 4ಟಿ ಇಟ್ಟಿದ್ದರೆ ಒಮ್ಮೆ ಒತ್ತಿ ಬಿಟ್ಟಾಗ ನಡೆಯುತ್ತಲೇ ಇರುತ್ತದೆ, ಮತ್ತೊಮ್ಮೆ ಒತ್ತಿ ಬಿಟ್ಟಾಗ ನಿಲ್ಲುತ್ತದೆ. ಅದು ದೋಷವಲ್ಲ, ಉದ್ದನೆಯ ಬೆಸುಗೆಗೆ ಮಾಡಿದ ಅನುಕೂಲ. 2ಟಿಯಲ್ಲಿಯೂ ನಿಲ್ಲದಿದ್ದರೆ ಮಾತ್ರ ಟ್ರಿಗರಿನ ವೈರುಗಳು ಎಲ್ಲೋ ಒಂದಕ್ಕೊಂದು ತಗುಲಿವೆ, ಇಲ್ಲವೆ ಸ್ವಿಚ್ ಅಂಟಿಕೊಂಡಿದೆ.

ತಂತಿ ಬರುತ್ತದೆ, ಕಿಡಿ ಹುಟ್ಟುವುದಿಲ್ಲ

ಸಣ್ಣ ದಾರಿ ಸರಿಯಿದೆ, ದೊಡ್ಡ ದಾರಿ ಎಲ್ಲಿಯೋ ಕಡಿದಿದೆ. ಇಲ್ಲಿ ಮೊದಲ ಆರೋಪಿ ಅರ್ಥ್ ಕ್ಲಾಂಪ್. ಬಣ್ಣ ಬಳಿದ ಚೌಕಟ್ಟಿಗೆ, ಮಣ್ಣು ಮೆತ್ತಿದ ನೇಗಿಲಿಗೆ, ತುಕ್ಕಿನ ಪದರದ ಮೇಲೆ ಕ್ಲಾಂಪ್ ಕಚ್ಚಿಸಿದರೆ ವಿದ್ಯುತ್ ಮರಳುವುದು ಹೇಗೆ? ಕಬ್ಬಿಣ ಹೊಳೆಯುವಂತೆ ಉಜ್ಜಿ, ಬೆಸೆಯುವ ಜಾಗಕ್ಕೆ ಆದಷ್ಟು ಹತ್ತಿರದಲ್ಲಿ ಕಚ್ಚಿಸಿ. ಕ್ಲಾಂಪಿನ ಸ್ಪ್ರಿಂಗ್ ಬಿಗಿಯಾಗಿದೆಯೇ, ಕೇಬಲನ್ನು ಕ್ಲಾಂಪಿಗೆ ಸೇರಿಸಿದ ಬೋಲ್ಟು ಬಿಗಿಯಾಗಿದೆಯೇ, ಯಂತ್ರದ ಕಡೆಯ ಪ್ಲಗ್ಗನ್ನು ಪೂರ್ತಿ ತಿರುಗಿಸಿ ಕೂರಿಸಿದೆಯೇ ನೋಡಿ.

ಇಲ್ಲಿ ಒಂದು ಎಚ್ಚರಿಕೆ. ರೋಟವೇಟರಿನ ಅಲಗನ್ನು ಬೆಸೆಯುವಾಗ ಕ್ಲಾಂಪನ್ನು ಯಂತ್ರದ ಚೌಕಟ್ಟಿಗೆ ಹಾಕಿದರೆ ವಿದ್ಯುತ್ ಬೇರಿಂಗಿನ ಮೂಲಕ ಹಾದು ಅದರ ಗುಂಡುಗಳನ್ನು ಸುಟ್ಟು ಗುಳಿ ಮಾಡುತ್ತದೆ. ಕ್ಲಾಂಪ್ ಇರಬೇಕಾದದ್ದು ಅಲಗಿರುವ ಶಾಫ್ಟಿನ ಮೇಲೆಯೇ. ಟ್ರ್ಯಾಕ್ಟರಿಗೆ ಜೋಡಿಸಿಯೇ ಬೆಸೆಯುವುದಾದರೆ ಮೊದಲು ಬ್ಯಾಟರಿಯ ಮತ್ತು ಆಲ್ಟರ್ನೇಟರಿನ ವೈರುಗಳನ್ನು ಬಿಚ್ಚತಕ್ಕದ್ದು.

ಎರಡನೆಯ ಆರೋಪಿ ಗನ್ನಿನ ದಪ್ಪ ಕೇಬಲ್. ಇದನ್ನು ಪರೀಕ್ಷಿಸುವಾಗ ಮಲ್ಟಿಮೀಟರಿನ ಬೀಪ್ ಶಬ್ದವನ್ನು ಪೂರ್ತಿ ನಂಬಬೇಡಿ. ನೂರಾರು ಎಳೆಗಳಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ ಶಬ್ದ ಮಾಡುತ್ತದೆ. ಆದರೆ ಆ ಒಂದು ಎಳೆ 150 ಆಂಪಿಯರನ್ನು ಹೊರಲಾರದು. ಹೊಲಕ್ಕೆ ಹೋಗುವ ಕಾಲುವೆಯಲ್ಲಿ ಒಂದು ಬೆರಳಗಲ ತೇವ ಕಂಡರೆ ನೀರು ಹರಿಯುತ್ತಿದೆ ಎನ್ನಲಾದೀತೆ?

ಇದಕ್ಕೆ ಸರಿಯಾದ ಪರೀಕ್ಷೆ ಕೆಲಸ ನಡೆಯುವಾಗಲೇ ಒತ್ತಡದ ಇಳಿತವನ್ನು ಅಳೆಯುವುದು. ಒಬ್ಬರು ಹಳೆಯ ಕಬ್ಬಿಣದ ತುಂಡಿನ ಮೇಲೆ ಬೆಸೆಯಲಿ. ಇನ್ನೊಬ್ಬರು ಒಣ ಕೈಗವಸು ಮತ್ತು ಕಣ್ಣಿಗೆ ಕಪ್ಪು ಗಾಜಿನ ಮರೆಯೊಡನೆ, ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಒಂದು ಕಡ್ಡಿಯನ್ನು ಕ್ಲಾಂಪಿನ ದವಡೆಗೂ ಇನ್ನೊಂದನ್ನು ಅದರ ಪಕ್ಕದ ಕಬ್ಬಿಣಕ್ಕೂ ಮುಟ್ಟಿಸಲಿ. ಒಳ್ಳೆಯ ಜೋಡಣೆಯಲ್ಲಿ ಮೀಟರ್ ಸೊನ್ನೆಯ ಸಮೀಪ ನಿಲ್ಲುತ್ತದೆ. ಅರ್ಧ ವೋಲ್ಟ್, ಒಂದು ವೋಲ್ಟ್ ತೋರಿಸಿದರೆ ಆ ಜೋಡಣೆ ಕೆಟ್ಟದ್ದು. ಮೀಟರ್ ಇಲ್ಲದವರಿಗೆ ಇನ್ನೊಂದು ಉಪಾಯವಿದೆ. ಐದು ನಿಮಿಷ ಬೆಸೆದು, ಯಂತ್ರ ಆರಿಸಿ, ಪ್ಲಗ್ ಕಿತ್ತು, ಕ್ಲಾಂಪಿನಿಂದ ಕನೆಕ್ಟರಿನವರೆಗೆ ಕೇಬಲಿನ ಉದ್ದಕ್ಕೂ ಕೈಯಾಡಿಸಿ. ಎಲ್ಲಕ್ಕಿಂತ ಹೆಚ್ಚು ಬಿಸಿಯಾದ ಜಾಗ ಯಾವುದೋ ದೋಷವೂ ಅಲ್ಲಿಯೇ ಇದೆ. ಗನ್ನಿನ ಮೂತಿಯನ್ನು ಮಾತ್ರ ಮುಟ್ಟಬೇಡಿ, ಅದು ಹೇಗೂ ಕಾದಿರುತ್ತದೆ.

ಕಿಡಿ ಹುಟ್ಟುತ್ತದೆ, ಹಿಡಿದು ನಿಲ್ಲುವುದಿಲ್ಲ

ಪಟಪಟ ಎಂದು ಕಡಿದು ಕಡಿದು ಉರಿಯುವ ಆರ್ಕಿಗೆ ಹೆಚ್ಚಾಗಿ ಕಾರಣವಾಗುವುದು ತಾಮ್ರದ ಟಿಪ್. ಓಡುತ್ತಿರುವ ತಂತಿಗೆ ವಿದ್ಯುತ್ ದಾಟುವುದು ಈ ಟಿಪ್ಪಿನ ಒಳಗೋಡೆಯಿಂದ. ತಂತಿ ಉಜ್ಜಿ ಉಜ್ಜಿ ಅದರ ರಂಧ್ರ ಮೊಟ್ಟೆಯಾಕಾರವಾದಾಗ ಒಂದು ಕ್ಷಣ ತಾಗುತ್ತದೆ, ಒಂದು ಕ್ಷಣ ತಾಗುವುದಿಲ್ಲ. 0.8 ಮಿಲಿಮೀಟರ್ ತಂತಿಗೆ 0.8ರ ಟಿಪ್ಪನ್ನೇ ಹಾಕಬೇಕು. ಕೈಗೆ ಸಿಕ್ಕಿದ್ದೆಂದು 1.0ರ ಟಿಪ್ ಹಾಕಿದರೆ ಹೊಸದಾದರೂ ಸವೆದ ಟಿಪ್ಪಿನಂತೆಯೇ ವರ್ತಿಸುತ್ತದೆ. ಟಿಪ್ಪನ್ನು ಬೆರಳಿನಲ್ಲಿ ತಿರುಗಿಸಿ ಬಿಡದೆ ಇಕ್ಕಳದಿಂದ ಹದವಾಗಿ ಬಿಗಿಮಾಡಿ. ಅದರ ಹಿಂದಿನ ಡಿಫ್ಯೂಸರನ್ನೂ ಬಿಗಿಮಾಡಿ. ಅದು ಸಡಿಲಾಗಿದ್ದರೆ ಎಷ್ಟು ಹೊಸ ಟಿಪ್ ಹಾಕಿದರೂ ಪ್ರಯೋಜನವಿಲ್ಲ. ಒಂದು ಟಿಪ್ಪಿನ ಬೆಲೆ ಹತ್ತಾರು ರೂಪಾಯಿಗಳ ಲೆಕ್ಕ, ಗನ್ನಿನ ಬೆಲೆ ಸಾವಿರಗಳ ಲೆಕ್ಕ. ಯಾವುದನ್ನು ಮೊದಲು ಬದಲಿಸಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಕೆಲವೊಮ್ಮೆ ದೋಷ ವಿದ್ಯುತ್ತಿನದೇ ಅಲ್ಲ. ತಂತಿ ತಡೆತಡೆದು ಬಂದರೂ ಆರ್ಕ್ ಹೀಗೆಯೇ ಕಡಿಯುತ್ತದೆ. ಇದನ್ನು ಬೇರ್ಪಡಿಸಲು ಅರ್ಥ್ ಕ್ಲಾಂಪನ್ನು ಕಬ್ಬಿಣದಿಂದ ತೆಗೆದಿಟ್ಟು, ಯಂತ್ರ ಆರಿಸಿ, ನಾಝಲ್ ಮತ್ತು ಟಿಪ್ ಕಳಚಿ. ಆಮೇಲೆ ಯಂತ್ರ ಹಾಕಿ, ಗನ್ನನ್ನು ಮುಖಕ್ಕೂ ಕೈಗೂ ದೂರ ಹಿಡಿದು ಟ್ರಿಗರ್ ಒತ್ತಿ. ತಂತಿ ಸರಾಗವಾಗಿ ಹೊರಬಂದರೆ ತಪ್ಪು ಟಿಪ್ಪಿನದು. ಆಗಲೂ ಎಳೆದೆಳೆದು ಬಂದರೆ ಲೈನರ್ ಕಟ್ಟಿದೆ, ಇಲ್ಲವೆ ತಂತಿ ಉಣಿಸುವ ರೋಲರ್ ಜಾರುತ್ತಿದೆ. ನಮ್ಮ ಹೊಟ್ಟು, ದೂಳು, ಹತ್ತಿಯ ಎಳೆಗಳ ನಡುವೆ ಲೈನರ್ ಬೇಗ ಕಟ್ಟುತ್ತದೆ. ತಂತಿಯ ಸುರುಳಿ ಬದಲಿಸಿದಾಗಲೆಲ್ಲ ಕಂಪ್ರೆಸರಿನ ಒಣ ಗಾಳಿಯಿಂದ ಅದನ್ನು ಊದಿಸುವುದನ್ನು ರೂಢಿ ಮಾಡಿಕೊಳ್ಳಿ.

ಬಯಲು ಹೊಲದಲ್ಲಿ ಗಾಳಿ ಅನಿಲವನ್ನು ಹಾರಿಸುತ್ತದೆಂದು ಅನಿಲ ಬೇಡದ ತಂತಿ ಬಳಸುವವರಿದ್ದಾರೆ. ಸಾಮಾನ್ಯ ತಂತಿಗೆ ಅನಿಲದೊಡನೆ ಬೆಸೆಯುವಾಗ ಗನ್ ಪಾಸಿಟಿವ್ ಆಗಿರಬೇಕು. ಅನಿಲ ಬೇಡದ ತಂತಿಗಳಲ್ಲಿ ಹೆಚ್ಚಿನವಕ್ಕೆ ಗನ್ ನೆಗೆಟಿವ್ ಆಗಿರಬೇಕು. ತಂತಿಯ ಪೆಟ್ಟಿಗೆಯ ಮೇಲೆ ಇದನ್ನು ಬರೆದಿರುತ್ತಾರೆ. ತಂತಿ ಬದಲಿಸಿ ಧ್ರುವ ಬದಲಿಸುವುದನ್ನು ಮರೆತರೆ ಒಳ್ಳೆಯ ಗನ್ನೇ ಕೆಟ್ಟಂತೆ ಕಾಣುತ್ತದೆ. ಬದಲಿಸಿದ ಮೇಲೆ ಆ ಟರ್ಮಿನಲ್ಲಿನ ನಟ್ಟನ್ನು ಬಿಗಿಮಾಡುವುದನ್ನೂ ಮರೆಯಬಾರದು.

ನಾಝಲ್ ಕಬ್ಬಿಣಕ್ಕೆ ತಾಗಿದರೆ ಕಿಡಿ ಬರುತ್ತಿದೆಯೆ? ನಾಝಲ್ಲಿಗೆ ವಿದ್ಯುತ್ ಬರಕೂಡದು. ಸಿಡಿದ ಲೋಹದ ಹನಿಗಳು ನಾಝಲ್ಲಿಗೂ ಟಿಪ್ಪಿಗೂ ಸೇತುವೆ ಕಟ್ಟಿವೆ, ಇಲ್ಲವೆ ನಡುವಿನ ಇನ್ಸುಲೇಟರ್ ಸುಟ್ಟಿದೆ. ಯಂತ್ರ ಆರಿಸಿ, ತಣ್ಣಗಾದ ಮೇಲೆ ಹನಿಗಳನ್ನು ಕೆರೆದು ತೆಗೆಯಿರಿ. ಇನ್ಸುಲೇಟರ್ ಸುಟ್ಟಿದ್ದರೆ ಬದಲಿಸಿ.

ಇಡೀ ಗನ್ನೇ ಕೈಯಲ್ಲಿ ಹಿಡಿಯಲಾಗದಷ್ಟು ಕಾಯುತ್ತಿದ್ದರೆ ಅದರ ಮೇಲಿನ ಬರಹವನ್ನು ನೋಡಿ. 60 ಪ್ರತಿಶತ ಎಂದು ಬರೆದಿದ್ದರೆ ಆ ಆಂಪಿಯರಿನಲ್ಲಿ 10 ನಿಮಿಷಕ್ಕೆ 6 ನಿಮಿಷ ಕೆಲಸ, 4 ನಿಮಿಷ ವಿಶ್ರಾಂತಿ ಎಂದು ಅರ್ಥ. ಎತ್ತಿಗೂ ನೊಗ ಇಳಿಸಿ ನೆರಳಿಗೆ ಬಿಡುತ್ತೇವಲ್ಲವೆ?

ದೋಷ ಗನ್ನಿನಲ್ಲಿಲ್ಲ, ಲೈನಿನಲ್ಲಿದೆ

ಹಳ್ಳಿಯ ವಿದ್ಯುತ್ತಿನ ಒತ್ತಡ ಸಂಜೆ ಒಂದು, ನಡುರಾತ್ರಿ ಒಂದು. ಬೆಳಿಗ್ಗೆ ಚೆನ್ನಾಗಿ ನಡೆದ ಯಂತ್ರ ಪಂಪುಗಳೆಲ್ಲ ಓಡುವ ಹೊತ್ತಿಗೆ ಸೊರಗಿದರೆ ಗನ್ನನ್ನು ಬೈಯಬೇಡಿ, ಮೊದಲು ಪ್ಲಗ್ಗಿನಲ್ಲಿ ಎಷ್ಟು ವೋಲ್ಟ್ ಇದೆ ಎಂದು ಅಳೆಯಿರಿ. ಅದಕ್ಕಿಂತಲೂ ಹೆಚ್ಚಾಗಿ ನಾವೇ ಎಳೆದುಕೊಂಡ ಎಕ್ಸ್‌ಟೆನ್ಷನ್ ವೈರಿನ ಲೆಕ್ಕ ಹಾಕಿ. 1.5 ಚದರ ಮಿಲಿಮೀಟರಿನ ತಾಮ್ರದ ವೈರಿಗೆ ಒಂದು ಕಿಲೋಮೀಟರಿಗೆ ಸುಮಾರು 12 ಓಮ್ ಅಡ್ಡಿ. 50 ಮೀಟರ್ ದೂರ ಎಳೆದರೆ ಹೋಗಿ ಬರುವ ದಾರಿ 100 ಮೀಟರ್, ಅಡ್ಡಿ 1.2 ಓಮ್. ಯಂತ್ರ 20 ಆಂಪಿಯರ್ ಎಳೆದಾಗ ವೈರಿನಲ್ಲಿಯೇ 24 ವೋಲ್ಟ್ ಹೋಯಿತು. 230ರಲ್ಲಿ ಉಳಿದದ್ದು 206. ಅದೇ ದೂರಕ್ಕೆ 4 ಚದರ ಮಿಲಿಮೀಟರಿನ ವೈರು ಎಳೆದಿದ್ದರೆ ಹೋಗುತ್ತಿದ್ದದ್ದು ಸುಮಾರು 9 ವೋಲ್ಟ್ ಮಾತ್ರ. ತೆಳು ವೈರು ಕೊಂಡು ಉಳಿಸಿದ ಹಣ ಗನ್ನಿನ ಮೇಲೆ ಖರ್ಚಾಗುತ್ತದೆ. ವೈರನ್ನು ಸುರುಳಿಯಲ್ಲಿಯೇ ಬಿಟ್ಟು ಬೆಸೆಯುವ ಅಭ್ಯಾಸವೂ ಸಲ್ಲದು, ಸುರುಳಿ ಕಾದು ಕರಗುತ್ತದೆ.

ಇಲ್ಲಿಗೆ ಕೈ ನಿಲ್ಲಲಿ

ಗನ್, ಕೇಬಲ್, ಕ್ಲಾಂಪ್, ಟಿಪ್, ಟ್ರಿಗರ್, ಲೈನರ್ ಇವೆಲ್ಲ ಪೆಟ್ಟಿಗೆಯ ಹೊರಗಿನವು. ಪ್ಲಗ್ ಕಿತ್ತು ಇವನ್ನು ನೋಡುವುದು ಎಚ್ಚರವುಳ್ಳ ಯಾವ ರೈತನಿಗೂ ಸಾಧ್ಯ. ಯಂತ್ರದ ಪೆಟ್ಟಿಗೆಯ ಮುಚ್ಚಳ ತೆರೆಯುವುದು ಬೇರೆ ಮಾತು. ಈಗಿನ ಇನ್ವರ್ಟರ್ ಯಂತ್ರಗಳ ಒಳಗಿನ ಕೆಪಾಸಿಟರುಗಳಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟಿಗೆ ಮೀರಿದ ಒತ್ತಡ ಉಳಿದಿರಬಹುದು. ಅದು ಪ್ರಾಣ ತೆಗೆಯಲು ಸಾಕು. ಆ ಮುಚ್ಚಳ ಬಲ್ಲ ಮೆಕ್ಯಾನಿಕ್‌ಗೆ ಮೀಸಲು.

ಇನ್ನೂ ಕೆಲವು ಮಾತುಗಳನ್ನು ಮನೆಯ ಮಕ್ಕಳಿಗೂ ಕೆಲಸದವರಿಗೂ ತಿಳಿಸಿ ಹೇಳಬೇಕು. ಟ್ರಿಗರ್ ಒತ್ತಿದಾಗ ತುದಿಯ ತಂತಿಗೆ ಮಾತ್ರವಲ್ಲ, ರೋಲರಿಗೂ ಒಳಗಿನ ಇಡೀ ಸುರುಳಿಗೂ ವಿದ್ಯುತ್ ಇರುತ್ತದೆ. ಬೆಸುಗೆಯ ಒತ್ತಡ ಕಡಿಮೆಯೆಂದು ಬೆವರಿದ ಮೈಯಲ್ಲಿ, ಒದ್ದೆ ನೆಲದ ಮೇಲೆ, ಬರಿಗಾಲಿನಲ್ಲಿ ಬೆಸೆಯಬಾರದು. ಸೋರಿಕೆಯಾದರೆ ಕಡಿದು ನಿಲ್ಲಿಸುವ 30 ಮಿಲಿಆಂಪಿಯರಿನ ಸ್ವಿಚ್ಚನ್ನು ಖಂಡಿತವಾಗಿ ಹಾಕಿಸಿ. ಆದರೆ ಅದು ಲೈನಿನ ಕಡೆಯ ಆಘಾತವನ್ನು ತಡೆದೀತೇ ಹೊರತು ಬೆಸುಗೆಯ ಕಡೆಯ ಆಘಾತವನ್ನು ತಡೆಯಲಾರದು. ಅಲ್ಲಿ ಕಾಯುವುದು ಒಣ ಕೈಗವಸು, ಒಣ ಹಲಗೆ, ರಬ್ಬರ್ ಅಟ್ಟೆಯ ಬೂಟು ಮಾತ್ರ. ಯಂತ್ರದ ಮೈಗೆ ಸರಿಯಾದ ಅರ್ಥಿಂಗ್ ಇರಲೇಬೇಕು. ಕೆಲಸಕ್ಕೆ ಹಾಕುವ ಅರ್ಥ್ ಕ್ಲಾಂಪ್ ಬೇರೆ, ಪ್ರಾಣ ಉಳಿಸುವ ಈ ಅರ್ಥಿಂಗ್ ಬೇರೆ. ಹೆಸರು ಒಂದೇ ಎಂದು ಒಂದರ ಬದಲು ಇನ್ನೊಂದು ಸಾಕೆಂದು ತಿಳಿಯಬಾರದು.

ಯಾರು ಏನು ಮಾಡಬೇಕು?

ವಿದ್ಯುತ್ತಿನ ವಿಷಯದಲ್ಲಿ ರೈತರು ಕೈಹಾಕದಿರುವುದೇ ಕ್ಷೇಮ ಎಂದು ವಾದಿಸುವವರಿದ್ದಾರೆ. ಅವರ ಕಾಳಜಿಯನ್ನು ಗೌರವಿಸುತ್ತೇನೆ, ವಾದವನ್ನು ಒಪ್ಪಲಾರೆ. ರೈತ ಈಗಾಗಲೇ ಕೈಹಾಕುತ್ತಿದ್ದಾನೆ. ಹದದ ದಿನ ಮೆಕ್ಯಾನಿಕ್ ಸಿಗದಿದ್ದಾಗ ಅವನು ಸುಮ್ಮನೆ ಕೂರುವುದಿಲ್ಲ. ಕ್ರಮ ತಿಳಿಯದೆ, ಮಿತಿ ತಿಳಿಯದೆ, ಪ್ಲಗ್ ಕೀಳದೆ ಕೈಹಾಕುತ್ತಾನೆ. ಮುಟ್ಟಬೇಡ ಎಂದು ಹೇಳಿ ಸುಮ್ಮನಾಗುವುದರಿಂದ ಅಪಾಯ ಕಡಿಮೆಯಾಗುವುದಿಲ್ಲ. ಇಲ್ಲಿಯವರೆಗೆ ಮುಟ್ಟು, ಹೀಗೆ ಮುಟ್ಟು, ಇದರಾಚೆ ಬೇಡ ಎಂದು ಕಲಿಸುವುದರಿಂದ ಕಡಿಮೆಯಾಗುತ್ತದೆ.

ಆದುದರಿಂದ ಯಂತ್ರಗಳನ್ನು ಮಾರುವವರಲ್ಲಿ ನನ್ನದೊಂದು ಕೋರಿಕೆ. ಹಲವು ಯಂತ್ರಗಳೊಡನೆ ಬರುವ ಕೈಪಿಡಿ ಇಂಗ್ಲಿಷಿನಲ್ಲಿರುತ್ತದೆ. ಅದನ್ನು ಓದಬೇಕಾದವರು ಓದುವುದಿಲ್ಲ. ದೋಷ ಹುಡುಕುವ ಒಂದು ಹಾಳೆಯನ್ನಾದರೂ ಕನ್ನಡದಲ್ಲಿ ಅಚ್ಚು ಮಾಡಿ ಕೊಡಿ. ಗನ್ನನ್ನು ಇಡಿಯಾಗಿ ಮಾರುವುದರ ಜೊತೆಗೆ ಅದರ ಟಿಪ್, ಡಿಫ್ಯೂಸರ್, ಇನ್ಸುಲೇಟರ್, ಟ್ರಿಗರ್ ಸ್ವಿಚ್ ಇವನ್ನು ಬಿಡಿಯಾಗಿಯೂ ಇಟ್ಟುಕೊಳ್ಳಿ. ಯಂತ್ರ ಬಾಡಿಗೆ ಕೇಂದ್ರಗಳನ್ನು ನಡೆಸುವವರು ಬಿತ್ತನೆಗೆ ಒಂದು ತಿಂಗಳು ಮುಂಚೆ ಇಂಥ ಹಾಳೆಯನ್ನು ಗೋಡೆಗೆ ಅಂಟಿಸಿ, ಒಬ್ಬರಿಗಾದರೂ ಮೀಟರ್ ಹಿಡಿಯಲು ಕಲಿಸಿರಬೇಕು. ಕೃಷಿ ವಿಶ್ವವಿದ್ಯಾಲಯಗಳ ತರಬೇತಿಗಳಲ್ಲಿ ಬೀಜೋಪಚಾರಕ್ಕೆ ಕೊಡುವ ಹೊತ್ತಿನಲ್ಲಿ ಒಂದು ಮಧ್ಯಾಹ್ನವನ್ನು ಯಂತ್ರಗಳ ವಿದ್ಯುತ್ ಜೋಡಣೆಗಳಿಗೂ ಕೊಡುವುದು ಅವಶ್ಯ. ಕೂರಿಗೆ ಬಿತ್ತದಿದ್ದರೆ ಉಪಚರಿಸಿದ ಬೀಜ ಚೀಲದಲ್ಲಿಯೇ ಉಳಿಯುತ್ತದೆ.

ಇನ್ನು ನಿಮ್ಮ ಪಾಲಿನ ಕೆಲಸ. ಒಂದು ಸಣ್ಣ ತಗಡಿನ ಡಬ್ಬಿಯಲ್ಲಿ ನಿಮ್ಮ ತಂತಿಯ ಅಳತೆಯ ಐದಾರು ಟಿಪ್, ಒಂದು ಡಿಫ್ಯೂಸರ್, ಒಂದು ಇನ್ಸುಲೇಟರ್, ಒಂದು ಟ್ರಿಗರ್ ಸ್ವಿಚ್, ಉಜ್ಜುವ ತಂತಿ ಬ್ರಷ್, ಇಕ್ಕಳ, ಸಾಧಾರಣ ಮಲ್ಟಿಮೀಟರ್ ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ ಪ್ಲಗ್ ಕಿತ್ತು ಎಲ್ಲ ಜೋಡಣೆಗಳನ್ನೂ ಬಿಗಿಮಾಡಿ. ಯಂತ್ರ ನಿಂತಾಗ ಕಣ್ಣಿನಿಂದ ಆರಂಭಿಸಿ, ಆಮೇಲೆ ಕೈ, ಆಮೇಲೆ ಮೀಟರ್, ಕೊನೆಗೆ ಮೆಕ್ಯಾನಿಕ್. ಕಡಿಮೆ ಬೆಲೆಯ ಭಾಗದಿಂದ ಹೆಚ್ಚು ಬೆಲೆಯ ಭಾಗದ ಕಡೆಗೆ ನಡೆಯಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ನಡೆಸಿ ನೋಡಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತ್ತೆಂದು ಎಂದಿಗೂ ತಿಳಿಯುವುದಿಲ್ಲ. ತಿಳಿಯದ ದೋಷ ಮುಂದಿನ ಮಳೆಗೆ ಮತ್ತೆ ಬರುತ್ತದೆ.

ಈ ಕ್ರಮ ಒಮ್ಮೆ ಕೈಗೆ ಹತ್ತಿದರೆ ವೆಲ್ಡಿಂಗ್ ಗನ್ನಿಗೆ ಮಾತ್ರವಲ್ಲ, ಪಂಪಿನ ಸ್ಟಾರ್ಟರಿಗೂ ಟ್ರ್ಯಾಕ್ಟರಿನ ಸೆಲ್ಫಿಗೂ ಮೇವು ಕತ್ತರಿಸುವ ಯಂತ್ರಕ್ಕೂ ಅದು ಸಲ್ಲುತ್ತದೆ. ಬರುವ ಮುಂಗಾರಿಗೆ ಮುಂಚೆ ಒಂದು ಬಿಡುವಿನ ದಿನ ನಿಮ್ಮ ಯಂತ್ರವನ್ನು ಅಂಗಳಕ್ಕೆ ತಂದು, ಅದರ ಜೋಡಣೆಗಳನ್ನು ಒಂದೊಂದಾಗಿ ಎಣಿಸಿ ನೋಡಿ.